ಹಡಗು ದಡ ಮುಟ್ಟಿದ ಮೇಲೆ: ದುಖೊಬೋರ್ ವಲಸೆಯ ಪಾಠ

ತರಗತಿ: 9
ಅವಧಿಗಳು: 2
ಉದ್ದೇಶ: ವಲಸೆ ಬಂದವರಿಗೆ ಹೊಸ ನಾಡು ಹಾಕುವ ಷರತ್ತುಗಳನ್ನು ವಿದ್ಯಾರ್ಥಿಗಳು ಗುರುತಿಸಿ ಚರ್ಚಿಸುವರು.

ಮೊದಲ ಅವಧಿ

ದುಖೊಬೋರರು ರಷ್ಯಾದ ರೈತರು. ದೇವರು ಪ್ರತಿ ಮನುಷ್ಯನೊಳಗೂ ಇದ್ದಾನೆ, ಆದ್ದರಿಂದ ಚರ್ಚು, ಪಾದ್ರಿ ಬೇಡ, ಕೊಲ್ಲುವುದು ತಪ್ಪು ಎಂಬುದು ಅವರ ನಂಬಿಕೆ. 1895ರಲ್ಲಿ ಕಾಕಸಸ್ ಪ್ರದೇಶದಲ್ಲಿ ಅವರು ತಮ್ಮ ಆಯುಧಗಳನ್ನು ರಾಶಿ ಹಾಕಿ ಸುಟ್ಟರು. ಸರ್ಕಾರ ಅವರನ್ನು ಕೊಸಾಕ್ ಸೈನಿಕರಿಂದ ಹೊಡೆಸಿತು, ಸಾವಿರಾರು ಜನರನ್ನು ಊರು ಬಿಡಿಸಿತು. ಟಾಲ್‌ಸ್ಟಾಯ್ ತಮ್ಮ 'ಪುನರುತ್ಥಾನ' ಕಾದಂಬರಿಯಿಂದ ಬಂದ ಹಣವನ್ನು ಅವರ ಪ್ರಯಾಣಕ್ಕೆ ಕೊಟ್ಟರು. ಸೈನ್ಯ ಸೇವೆಯಿಂದ ವಿನಾಯಿತಿ ನೀಡಲು ಕೆನಡಾ ಒಪ್ಪಿತು. 1899ರಲ್ಲಿ ಸುಮಾರು 7,500 ಮಂದಿ ಅಲ್ಲಿಗೆ ಬಂದರು. ಮೊದಲ ಹಡಗು ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್ ಬಂದರು ತಲುಪಿತು.

ನಾನು ಪಾಠವನ್ನು ಇಲ್ಲಿಗೇ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಆಮೇಲೆ ಅವರು ಸುಖವಾಗಿದ್ದರಾ ಸಾರ್?" ಎಂದ. ನನ್ನ ಪಾಠ ಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡನೇ ಅವಧಿಯನ್ನು ಆ ಪ್ರಶ್ನೆಗಾಗಿಯೇ ಸಿದ್ಧಪಡಿಸಿದೆ.

ಎರಡನೇ ಅವಧಿ

ಕೆನಡಾದ ಕಾನೂನಿನಂತೆ ವಯಸ್ಕ ಗಂಡಸೊಬ್ಬನಿಗೆ 160 ಎಕರೆ. 50 ಗಂಡಸರಿದ್ದ ಊರಿಗೆ ಎಷ್ಟು ಎಂದು ಕೇಳಿದೆ. 8,000 ಎಂದರು. ಕಪ್ಪುಹಲಗೆಯಲ್ಲಿ ಎರಡು ಚಿತ್ರ ಬರೆದೆ. ಒಂದರಲ್ಲಿ ಪ್ರತಿ ಹೊಲಕ್ಕೊಂದು ಒಂಟಿ ಮನೆ. ಇನ್ನೊಂದರಲ್ಲಿ ಬೀದಿಯ ಎರಡೂ ಬದಿ ಮನೆಗಳು, ಸುತ್ತ ಎಲ್ಲರಿಗೂ ಸೇರಿದ ಹೊಲ. ದುಖೊಬೋರರಿಗೆ ಎರಡನೆಯದೇ ಬದುಕು. ಇಂದಿನ ಸಸ್ಕಾಚೆವಾನ್‌ನಲ್ಲಿ ಹಾಗೆಯೇ ಊರು ಕಟ್ಟಿದರು. ಗಂಡಸರು ರೈಲು ಹಳಿಯ ಕೂಲಿಗೆ ಹೋದಾಗ ಹೆಂಗಸರೇ ನೇಗಿಲಿಗೆ ಹೆಗಲು ಕೊಟ್ಟು ಎಳೆದರು.

ಕೆಲವು ವರ್ಷಗಳಲ್ಲಿ ಸರ್ಕಾರದ ನಿಲುವು ಬಿಗಿಯಾಯಿತು. ಭೂಮಿಯನ್ನು ಪ್ರತಿಯೊಬ್ಬನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು ಎಂದಿತು. ಕೆಲವರು ಒಪ್ಪಿ ಸ್ವತಂತ್ರ ರೈತರಾದರು. ಒಪ್ಪದವರು 1907ರಲ್ಲಿ ತಾವು ಹಸನು ಮಾಡಿದ ಹೊಲಗಳನ್ನು ಕಳೆದುಕೊಂಡರು. 1908ರಿಂದ ಸಾವಿರಾರು ಮಂದಿ ಬ್ರಿಟಿಷ್ ಕೊಲಂಬಿಯಾಕ್ಕೆ ಹೊರಟರು. ಅಲ್ಲಿ ಹಣ ಕೊಟ್ಟು ಭೂಮಿ ಕೊಂಡದ್ದರಿಂದ ಪ್ರಮಾಣದ ಅಗತ್ಯ ಬರಲಿಲ್ಲ.

ಮೌಲ್ಯಮಾಪನ

"ನೀವಾಗಿದ್ದರೆ ಸಹಿ ಹಾಕುತ್ತಿದ್ದಿರಾ? ಕಾರಣ ಕೊಡಿ." ತರಗತಿ ಎರಡು ಪಾಲಾಯಿತು. "ಸಹಿ ಹಾಕಿದವರಿಗೂ ಮಕ್ಕಳಿದ್ದರಲ್ಲ ಸಾರ್" ಎಂದಳು ಒಬ್ಬಳು. ಆ ಮಾತಿಗೆ ಸರಿ, ತಪ್ಪು ಎಂದು ಗುರುತು ಹಾಕಲು ಹೋಗಲಿಲ್ಲ.

ಆತ್ಮಾವಲೋಕನ

ಹಿಂಸೆ, ಪಲಾಯನ, ಬಿಡುಗಡೆ ಎಂದು ಕಥೆ ಮುಗಿಸುವುದು ಬೋಧಿಸುವವರಿಗೆ ಸುಲಭ. ನೆಲೆಸುವುದೇ ಪಾಠದ ಕಷ್ಟದ ಅರ್ಧ. ಇನ್ನೊಂದು ಕೊರತೆಯೂ ಉಳಿಯಿತು. ಆ ಹುಲ್ಲುಗಾವಲು ಇವರಿಗಿಂತ ಮೊದಲು ಕ್ರೀ ಮುಂತಾದ ಮೂಲನಿವಾಸಿಗಳ ನೆಲ. "ಸರ್ಕಾರ ಕೊಟ್ಟ ಭೂಮಿ ಮೊದಲು ಯಾರದು?" ಎಂದು ನಾನು ಕೇಳಲಿಲ್ಲ. ಮುಂದಿನ ಸಲ ಪೀಠಿಕೆಯಲ್ಲೇ ಕೇಳುವೆ.