ಹಳೆಯ ಮಾರ್ಕಶೀಟು ತೆಗೆದು ನೋಡಿರಿ

ಉಪಕೇಂದ್ರದಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ನರ್ಸಬಾಯಿಯನ್ನು ನೀವೆಲ್ಲ ಬಲ್ಲಿರಿ. ಅವರು ಕಲಿಯುವ ಕೋರ್ಸಿಗೆ ಎ.ಎನ್.ಎಂ. ಎನ್ನುತ್ತಾರೆ. ಅದು ಎರಡು ವರ್ಷದ್ದು. ಅದಕ್ಕಿಂತ ದೊಡ್ಡದು ಜಿ.ಎನ್.ಎಂ. ಇದು ಮೂರು ವರ್ಷದ್ದು. ದೊಡ್ಡ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚುವ ಸಿಸ್ಟರುಗಳಲ್ಲಿ ಇದನ್ನು ಕಲಿತವರು ಬಹಳ ಮಂದಿ.

ಅಕ್ಕಲಕೋಟೆ, ಜತ್ತ ಕಡೆಯ ಊರುಗಳಲ್ಲಿ ಹನ್ನೆರಡನೆಯ ಇಯತ್ತೆ ಪಾಸಾಗಿ, ಲಗ್ನವಾಗಿ, ಮನೆಯಲ್ಲೇ ಉಳಿದ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ಮಗಳೋ ಸೊಸೆಯೋ ಹೀಗೆ ಇರಬಹುದು. ‘ಮಾರ್ಕ್ಸ್ ಕಡಿಮಿ ಅದಾವ, ನಮಗೆಲ್ಲಿ ನರ್ಸಿಂಗ್’ ಎಂದು ಅವರು ಕೇಳುವುದನ್ನೂ ಬಿಟ್ಟಿರುತ್ತಾರೆ. ಕಡಿಮೆ ಎಂದರೆ ಎಷ್ಟು ಕಡಿಮೆ? ಒಂದು ಉದಾಹರಣೆ ನೋಡೋಣ. ಅತ್ತೆ, ಸೊಸೆ ಇಬ್ಬರೂ ಸಾಕ್ಷರತಾ ಕೇಂದ್ರಕ್ಕೆ ಬಂದಿದ್ದಾರೆ.

“ಅಕ್ಕಾರ, ನಂದು 2016ರಾಗ ಹನ್ನೆರಡನೇದು ಆಗೇದ್ರಿ. ಈಗ ಯಾರ ತಗೋತಾರ್ರಿ ನನ್ನ?”

“ಮೊದಲ ಮಾರ್ಕಶೀಟ್ ತೋರಸವ್ವಾ. ಒಟ್ಟು 650. ನಿನಗ ಬಂದದ್ದು 254. ಇಂಗ್ಲಿಷಿನಾಗ 36.”

“ಸಾಲೂದಿಲ್ಲ ಅಲ್ರಿ?”

“ಯಾವುದಕ್ಕ ಸಾಲೂದಿಲ್ಲ ಅಂತ ನೋಡೂಣು.”

ಜಿ.ಎನ್.ಎಂ.ಗೆ ಒಟ್ಟು ಅಂಕಗಳಲ್ಲಿ ಶೇಕಡಾ 40 ಬೇಕು. ಇಂಗ್ಲಿಷಿನಲ್ಲಿ ಬೇರೆಯಾಗಿ ಶೇಕಡಾ 40 ಬೇಕು. 650ಕ್ಕೆ ಶೇಕಡಾ 40 ಎಂದರೆ 260. ಈಕೆಗೆ ಒಟ್ಟಿನಲ್ಲಿ 6 ಅಂಕ ಕಡಿಮೆ, ಇಂಗ್ಲಿಷಿನಲ್ಲಿ 4 ಕಡಿಮೆ. ಹಾಗಾಗಿ ಈಗ ಜಿ.ಎನ್.ಎಂ. ಆಗುವುದಿಲ್ಲ.

ಆದರೆ ಎ.ಎನ್.ಎಂ. ಆಗುತ್ತದೆ. ಅದಕ್ಕೆ ಇಂಗ್ಲಿಷ್ ವಿಷಯ ಇಟ್ಟುಕೊಂಡು ಹನ್ನೆರಡನೆಯದು ಪಾಸಾಗಿದ್ದರೆ ಸಾಕು. ಕಲಾ ವಿಭಾಗದವರಿಗೂ ನಡೆಯುತ್ತದೆ. ವಯಸ್ಸು 17 ತುಂಬಿರಬೇಕು, 35 ದಾಟಿರಬಾರದು. ಎ.ಎನ್.ಎಂ. ಪಾಸಾಗಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರು ಮುಂದೆ ಜಿ.ಎನ್.ಎಂ.ಗೂ ಅರ್ಜಿ ಹಾಕಬಹುದು. ಆಗ 35 ವರ್ಷದ ಮಿತಿ ಇಲ್ಲ. ಹನ್ನೆರಡನೆಯದರ ಆ 6 ಅಂಕವನ್ನೂ ಯಾರೂ ಕೇಳುವುದಿಲ್ಲ. ಇವು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಇಟ್ಟ ನಿಯಮಗಳು. 2023ರಲ್ಲಿ ನರ್ಸಿಂಗಿಗೆ ಹೊಸ ಕಾನೂನು ಬಂದಿದೆ. ಆದ್ದರಿಂದ ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ಓದಬೇಕು.

ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುತ್ತದೆ ಎಂದಲ್ಲ. ಸರಕಾರಿ ಸೀಟು ಕಡಿಮೆ, ಕೇಳುವವರು ಬಹಳ. ಅದಕ್ಕೇ ಒಂದೇ ಕಡೆ ಅರ್ಜಿ ಹಾಕಿ ಕೂಡಬಾರದು.

ಹನ್ನೆರಡನೆಯದು ಫೇಲಾದವರು, ಅರ್ಧಕ್ಕೆ ಬಿಟ್ಟವರು ಏನು ಮಾಡಬೇಕು? ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹೆಸರು ಹಚ್ಚಬಹುದು. ಅಲ್ಲಿ ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂಡಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಇಂಗ್ಲಿಷ್ ವಿಷಯ ಮಾತ್ರ ಬಿಡಬಾರದು.

ಈಗ ಅತ್ತೆಯವರ ಪ್ರಶ್ನೆ. “ಅಲ್ಲವಾ, ಆರು ತಿಂಗಳದಾಗ ನರ್ಸ್ ಮಾಡತೀವಿ ಅಂತ ಸ್ಟ್ಯಾಂಡಿನಾಗ ಬೋರ್ಡ್ ಹಚ್ಚ್ಯಾರ. ಮನ್ಯಾಗ ಕುಂತು ಓದಿದ್ರೂ ನಡಿತದಂತ. ಸಣ್ಣ ಕೂಸು ಅದ. ಅದ ಚಲೋ ಅಲ್ಲೇನು?”

ಕೂಸಿನ ಚಿಂತೆ ಖರೆ. ಆದರೆ ಮನೆಯಲ್ಲಿ ಕೂತು ಕಲಿಯುವ ನರ್ಸಿಂಗ್ ಇಲ್ಲ. ದಿನಾ ಆಸ್ಪತ್ರೆಗೆ ಹೋಗಿ, ರೋಗಿಯ ಹತ್ತಿರ ನಿಂತು ಕಲಿಯಬೇಕು. ಆರು ತಿಂಗಳ ಸರ್ಟಿಫಿಕೇಟಿಗೆ ಕೌನ್ಸಿಲಿನಲ್ಲಿ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದೆ ಸರಕಾರಿ ನರ್ಸ್ ನೌಕರಿ ಇಲ್ಲ. ಕೊಟ್ಟ ರೊಕ್ಕ ಹೋದಂತೆಯೇ. ಮಹಾರಾಷ್ಟ್ರದ ಶಾಲೆಯಾದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಪತ್ರ ತೋರಿಸಿರಿ ಎಂದು ಕೇಳಿರಿ. ಗಡಿ ದಾಟಿ ವಿಜಯಪುರಕ್ಕೋ ಕಲಬುರಗಿಗೋ ಹೋದರೆ ಕರ್ನಾಟಕದ ಕೌನ್ಸಿಲಿನ ಪತ್ರ ಕೇಳಿರಿ. ಪತ್ರ ನೋಡದೆ ಫೀ ಕಟ್ಟಬೇಡಿರಿ. ಕೂಸನ್ನು ಎರಡು ವರ್ಷ ಯಾರು ನೋಡಿಕೊಳ್ಳುವವರು ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಬೇಕು. ಸೊಸೆ ಒಬ್ಬಳ ಮೇಲೆ ಬಿಟ್ಟರೆ ನಡುವೆ ಕೈಬಿಡಬೇಕಾಗುತ್ತದೆ.

ಇನ್ನೊಂದು ಮಾತು. ಮಾರ್ಕಶೀಟಿನಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಲಗ್ನದ ನೋಂದಣಿ ಪತ್ರ ಮಾಡಿಸಿ ಇಟ್ಟುಕೊಳ್ಳಿರಿ. ಶಾಲೆ ಬಿಟ್ಟ ದಾಖಲೆ, ಜಾತಿ ಪ್ರಮಾಣಪತ್ರವನ್ನೂ ಈಗಲೇ ಹುಡುಕಿರಿ.

ಲೆಕ್ಕ ಮಾಡಿರಿ

1. ಒಟ್ಟು 600 ಅಂಕಗಳಿದ್ದರೆ ಶೇಕಡಾ 40 ಎಂದರೆ ಎಷ್ಟು?

2. ಒಬ್ಬಳಿಗೆ 600ಕ್ಕೆ 251 ಬಂದಿದೆ. ಇಂಗ್ಲಿಷಿನಲ್ಲಿ 100ಕ್ಕೆ 38. ಅವಳು ಯಾವ ಕೋರ್ಸಿಗೆ ಅರ್ಜಿ ಹಾಕಬಹುದು?

3. ನಿಮ್ಮ ಮನೆಯ ಒಂದು ಮಾರ್ಕಶೀಟು ತನ್ನಿರಿ. ಅದರಲ್ಲಿ ಒಟ್ಟು ಅಂಕ, ಇಂಗ್ಲಿಷಿನ ಅಂಕ, ಹುಟ್ಟಿದ ದಿನ ಹುಡುಕಿ ಗಟ್ಟಿಯಾಗಿ ಓದಿರಿ.