ಮೊದಲು ಚಿತ್ರ, ಆಮೇಲೆ ಮಾತು

ನಿಮ್ಮ ಮಗಳಿಗೆ ಪೌರನೀತಿಯಲ್ಲಿ ಒಳ್ಳೆಯ ಅಂಕಗಳೇ ಬಂದಿರಬಹುದು. ಗ್ರಾಮಸಭೆಯ ಸದಸ್ಯರು ಯಾರೆಂದು ಆಕೆಯನ್ನು ಕೇಳಿ ನೋಡಿ. ‘ಪಂಚಾಯಿತಿಗೆ ಆರಿಸಿ ಬಂದವರು’ ಎಂದರೆ ಗದರಬೇಡಿ. ನಮ್ಮಲ್ಲೂ ಹಲವರು ಹಾಗೆಯೇ ತಿಳಿದಿದ್ದೇವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಂತೆ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ.

ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೊ ಬೊವಾಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ದುಡಿದರು. ಅಲ್ಲಿಯ ಜನರ ಭಾಷೆಗಳು ಹಲವು. ಅವರು ಮಾತನ್ನು ಬದಿಗಿಟ್ಟು, ಜನರ ಮೈಯಿಂದಲೇ ಚಿತ್ರ ಕಟ್ಟಿಸಿದರು. 1223ರಲ್ಲಿ ಗ್ರೇಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಏರ್ಪಡಿಸಿದ ಗೋದಲಿಯನ್ನು ಬಲ್ಲ ನಮಗೆ ಜೀವಂತ ಚಿತ್ರ ಹೊಸದಲ್ಲ. ಗೋದಲಿಯನ್ನು ನೋಡಿ ಧ್ಯಾನಿಸುತ್ತೇವೆ. ಇದನ್ನು ಕೈಹಾಕಿ ತಿದ್ದುತ್ತೇವೆ.

ಏಳೆಂಟು ಮಂದಿ ಸಾಕು. ‘ಗ್ರಾಮಸಭೆಯಲ್ಲಿ ಮಹಿಳೆ’ ಎಂಬ ವಿಷಯ ಕೊಡಿ. ಒಬ್ಬರು ಶಿಲ್ಪಿ, ಉಳಿದವರು ಜೇಡಿಮಣ್ಣು. ಮಾತಾಡದೆ ಒಬ್ಬೊಬ್ಬರನ್ನೂ ನಿಲ್ಲಿಸಲಿ, ಕೂರಿಸಲಿ. ಕುರ್ಚಿಯಲ್ಲಿ ಅಧ್ಯಕ್ಷೆ, ಬೆನ್ನ ಹಿಂದೆ ಆಕೆಯ ಗಂಡ, ಕಡತದ ಮೇಲೆ ಅವನ ಕೈ. ದೂರದಲ್ಲಿ ಗೋಡೆಗೊರಗಿದ ಹೆಂಗಸರು. ಇಂಥದೊಂದು ಚಿತ್ರ ಮೂಡೀತು. 2010ರಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು ಎಂಬುದು ಆಗ ಯಾರಿಗಾದರೂ ನೆನಪಾದರೆ ಒಳ್ಳೆಯದೇ. ಒಪ್ಪದವರು ಎದ್ದು ಬಂದು ತಿದ್ದಲಿ. ಎಲ್ಲರೂ ‘ಹೌದು, ಹೀಗೇ ಇದೆ’ ಎಂದ ಮೇಲೆ, ಹೇಗಿರಬೇಕೆಂಬ ಎರಡನೆಯ ಚಿತ್ರ ಕಟ್ಟಿಸಿ.

ಅದು ಸುಲಭ. ಕಷ್ಟವಿರುವುದು ಇವೆರಡರ ನಡುವಿನ ಚಿತ್ರದಲ್ಲಿ. ಮೊದಲು ಅಲುಗಬೇಕಾದವರು ಯಾರು? ಗಂಡ ಕೈ ತೆಗೆಯಬೇಕೇ, ಅಧ್ಯಕ್ಷೆ ಕಡತವನ್ನು ತನ್ನತ್ತ ಎಳೆದುಕೊಳ್ಳಬೇಕೇ, ಗೋಡೆ ಬಳಿಯವರು ಎರಡು ಹೆಜ್ಜೆ ಮುಂದೆ ಬರಬೇಕೇ? ಇಲ್ಲಿ ಯುವಕರು ಒಂದು ಹೇಳುತ್ತಾರೆ, ತಾಯಂದಿರು ಇನ್ನೊಂದು. ಅವಸರಪಡಬೇಡಿ.

ಈಗ ವೃತ್ತಾಕಾರವಾಗಿ ಕುಳಿತು ಚರ್ಚಿಸಿ. ಗೋಡೆಗೊರಗಿ ನಿಂತವರನ್ನೇ ಮೊದಲು ಮಾತಾಡಿಸಿ: ಅಲ್ಲಿಂದ ಏನು ಕಾಣಿಸಿತು, ಏನು ಕೇಳಿಸಲಿಲ್ಲ? ನಡೆಸಿಕೊಡುವವರು, ಅವರು ಗುರುಗಳೇ ಆಗಿರಲಿ ಉಪದೇಶಿಯೇ ಆಗಿರಲಿ, ತಮ್ಮ ಅಭಿಪ್ರಾಯವನ್ನು ಕೊನೆಗಿಟ್ಟುಕೊಳ್ಳುವುದು ಲೇಸು. ಒಂದು ಎಚ್ಚರಿಕೆ: ಗುಂಪಿನಲ್ಲಿ ನಿಜವಾದ ಪಂಚಾಯಿತಿ ಸದಸ್ಯೆ ಇದ್ದರೆ ಆಕೆಗೆ ಆಕೆಯದೇ ಪಾತ್ರ ಕೊಡಬೇಡಿ, ಶಿಲ್ಪಿಯಾಗಲು ಕರೆಯಿರಿ.

ಏಳುವ ಮುನ್ನ ಮುಂದಿನ ಗ್ರಾಮಸಭೆ ಯಾವತ್ತೆಂದು ವಿಚಾರಿಸಲು ಇಬ್ಬರನ್ನು ಗೊತ್ತುಮಾಡಿ.