ಮನೆ ತೋರಿಸುವ ಮೊದಲು ಉತಾರ ನೋಡಿ

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಮನೆ ಮಾರಾಟದ ಸುದ್ದಿ ಮೊದಲು ಸಿಗುವುದು ಚಹಾದಂಗಡಿಯಲ್ಲಿ. ಆ ಸುದ್ದಿಯನ್ನೇ ಬಂಡವಾಳ ಮಾಡಿಕೊಂಡು ಕೊಡುವವರನ್ನೂ ಕೊಳ್ಳುವವರನ್ನೂ ಕೂಡಿಸುವ ಉದ್ಯೋಗಕ್ಕೆ ಇಳಿಯುತ್ತೀರಾ? ಇಳಿಯಿರಿ. ಆದರೆ ಬಾಯಿಮಾತಿಗಿಂತ ಕಾಗದಪತ್ರ ಮುಂದಿರಲಿ.

ಮೊದಲು ಪುರಸಭೆಯ ಉತಾರ ಕೇಳಿ. ಹಳ್ಳಿಯ ಮನೆಯಾದರೆ ಇ-ಸ್ವತ್ತು. ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಸಾಲ, ಅಡಮಾನಗಳ ನೋಂದಣಿ ಇದೆಯೇ ನೋಡಿ. ಹಳೆಯ ಮಾಳಿಗೆ ಮನೆಯಾದರೆ ಇನ್ನಷ್ಟು ಎಚ್ಚರ: ಉತಾರದಲ್ಲಿ ಅಣ್ಣನೊಬ್ಬನ ಹೆಸರಿರಬಹುದು, ಹಕ್ಕು ಹಲವರಿಗಿರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರ ಒಪ್ಪಿಗೆ ಇಲ್ಲದೆ ಸಂಚಕಾರ ಕೊಡಿಸಬೇಡಿ.

ಮನೆ, ನಿವೇಶನದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಬ್ಯಾಂಕಿನ ಮೂಲಕವೇ ನಡೆಯಲಿ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾದ ಹೊಸ ಬಡಾವಣೆಯ ನಿವೇಶನ ಮಾರಿಸುವುದಾದರೆ, 2016ರ ಕಾಯ್ದೆಯಂತೆ ನೀವೂ ಏಜೆಂಟರಾಗಿ ನೋಂದಾಯಿಸಿಕೊಳ್ಳಬೇಕು.

ನಿಮ್ಮ ದಲ್ಲಾಳಿ ಎಷ್ಟು, ಯಾರು ಕೊಡಬೇಕು, ಯಾವಾಗ ಎಂಬುದನ್ನು ಮೊದಲೇ ಬರೆದಿಡಿ. ಎರಡೂ ಕಡೆಯಿಂದ ಪಡೆಯುವುದಾದರೆ ಇಬ್ಬರಿಗೂ ತಿಳಿಸಿ. ಸಣ್ಣ ಊರಲ್ಲಿ ಒಂದು ಸುಳ್ಳು ಸಂತೆಯ ಹೊತ್ತಿಗೆ ಊರೆಲ್ಲ ಸುತ್ತುತ್ತದೆ. ಒಳ್ಳೆಯ ಹೆಸರೂ ಹಾಗೆಯೇ.